ಕತ್ತಲ ತಿಂಗಳಲ್ಲೊಂದು ಬೆಚ್ಚನೆಯ ಸಂಜೆ: ಡೇನರ ‘ಹ್ಯೂಗ’ ರೂಢಿಸಿಕೊಳ್ಳುವುದು ಹೇಗೆ?

ಡಿಸೆಂಬರ್ ಕೊನೆಯ ವಾರಗಳಲ್ಲಿ ಡೇನರ ನಾಡಾದ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಹಗಲಿನ ಅವಧಿ ಸುಮಾರು 7 ತಾಸಿಗೆ ಇಳಿಯುತ್ತದೆ, ಬೆಳಿಗ್ಗೆ 8.30ರ ನಂತರ ಮೂಡುವ ಸೂರ್ಯ ಸಂಜೆ 4ಕ್ಕೂ ಮೊದಲೇ ಮುಳುಗುತ್ತಾನೆ. ಇಂಥ ದಿನಗಳಲ್ಲಿ ಮನಸ್ಸು ಕುಗ್ಗದಿರಲೆಂದು ಡೇನರು ಆಪ್ತರೊಡನೆ ಮನೆಯೊಳಗೆ ಬೆಚ್ಚಗೆ, ಆತುರವಿಲ್ಲದೆ ಹೊತ್ತು ಕಳೆಯುವುದನ್ನು ರೂಢಿಸಿಕೊಂಡಿದ್ದಾರೆ. ಅದನ್ನೇ ಅವರು ‘ಹ್ಯೂಗ’ ಎನ್ನುತ್ತಾರೆ. ಉದ್ಯೋಗಕ್ಕೆಂದು ಅಲ್ಲಿಗೆ ಹೋಗಿ ಮೊದಲ ಚಳಿಗಾಲವನ್ನು ಎದುರಿಸುವ ಕನ್ನಡಿಗರು ದಪ್ಪ ಕೋಟಿನಷ್ಟೇ ಇದನ್ನೂ ಅಗತ್ಯವೆಂದು ಭಾವಿಸಬೇಕು.

ಮೊದಲು ಬೆಳಕನ್ನು ಸರಿಪಡಿಸಿಕೊಳ್ಳಿ. ಚಾವಣಿಯ ಪ್ರಖರ ದೀಪವನ್ನು ಆರಿಸಿ, ಕುಳಿತಾಗ ಕಣ್ಣಿನ ಮಟ್ಟಕ್ಕಿಂತ ಕೆಳಗಿರುವಂತೆ ಎರಡು ಮೂರು ಕಡೆ ಹಳದಿ ಬೆಳಕಿನ ಚಿಕ್ಕ ದೀಪಗಳನ್ನು ಇಡಿ. ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯಬಾರದು. ಡೇನಿಷ್ ವಿನ್ಯಾಸಕಾರ ಪೌಲ್ ಹೆನ್ನಿಂಗ್ಸನ್ 1920ರ ದಶಕದಿಂದ ರೂಪಿಸಿದ, ಒಂದರ ಕೆಳಗೊಂದು ಮರೆಗಳಿರುವ ದೀಪಗಳ ಉದ್ದೇಶವೂ ಇದೇ ಆಗಿತ್ತು. ಜೊತೆಗೆ ಕೆಲವು ಮೇಣದಬತ್ತಿಗಳಿರಲಿ. ಸುಗಂಧವಿಲ್ಲದ, ಸಾದಾ ಬತ್ತಿಗಳೇ ಉತ್ತಮ.

ಎರಡನೆಯದು ತಿಂಡಿ. ಡಿಸೆಂಬರಿನಲ್ಲಿ ಅಲ್ಲಿನ ಮನೆಗಳಲ್ಲಿ ಮಾಡುವ ‘ಏಬ್ಲೆಸ್ಕೀವರ್’ ನೋಡಲು ನಮ್ಮ ಪಡ್ಡಿನಂತೆಯೇ ಇರುತ್ತದೆ, ಪಡ್ಡಿನ ಕಾವಲಿಯಲ್ಲೇ ಬೇಯುತ್ತದೆ. 250 ಗ್ರಾಂ ಮೈದಾ, ಮೂರು ಮೊಟ್ಟೆಯ ಹಳದಿ, ಸುಮಾರು 400 ಮಿಲಿಲೀಟರ್ ಗಟ್ಟಿ ಮಜ್ಜಿಗೆ, ಒಂದು ಚಮಚ ಸಕ್ಕರೆ, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಮತ್ತು ಏಲಕ್ಕಿ ಪುಡಿಯನ್ನು ಕಲಸಿ, ನೊರೆ ಬರುವಂತೆ ಕಡೆದ ಮೊಟ್ಟೆಯ ಬಿಳಿಭಾಗವನ್ನು ಕೊನೆಯಲ್ಲಿ ಹಗುರವಾಗಿ ಬೆರೆಸಿ. ಕುಳಿಗಳಿಗೆ ಬೆಣ್ಣೆ ಹಾಕಿ ಹಿಟ್ಟು ಸುರಿಯಿರಿ. ಅಂಚು ಗಟ್ಟಿಯಾದ ಕೂಡಲೇ ಹೆಣಿಗೆ ಕಡ್ಡಿಯಿಂದ ಕಾಲು ಭಾಗ ಮಾತ್ರ ತಿರುಗಿಸಿದರೆ ಒಳಗಿನ ಹಸಿ ಹಿಟ್ಟು ಕೆಳಕ್ಕೆ ಹರಿದು ಹೊಸ ಪದರವಾಗುತ್ತದೆ. ಹೀಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದಂತೆ ಅದು ಪೂರ್ತಿ ಗುಂಡಗಾಗುತ್ತದೆ. ಜಾಮ್ ಮತ್ತು ಸಕ್ಕರೆ ಪುಡಿಯೊಡನೆ ಬಿಸಿಬಿಸಿಯಾಗಿ ತಿನ್ನಬೇಕು. ಕುಡಿಯಲು ಸೇಬಿನ ರಸಕ್ಕೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಕಾಯಿಸಿಕೊಳ್ಳಬಹುದು.

ಇನ್ನು ಜೊತೆಗಾರರು. ಮೂರು ನಾಲ್ಕು ಮಂದಿ ಧಾರಾಳವಾಯಿತು. ಅಲ್ಲಿ ಜನ ಭೇಟಿಯ ದಿನವನ್ನು ಬಹಳ ಮುಂಚೆಯೇ ಗೊತ್ತುಮಾಡಿಕೊಳ್ಳುವುದರಿಂದ ಆಹ್ವಾನವನ್ನು ಕೆಲವು ವಾರ ಮೊದಲೇ ಕಳುಹಿಸಿ. ಅತಿಥೇಯರೊಬ್ಬರೇ ಅಡುಗೆಮನೆಯಲ್ಲಿ ಬೆವರಿ ಉಳಿದವರು ಹರಟುತ್ತ ಕುಳಿತರೆ ಹ್ಯೂಗ ಕೆಡುತ್ತದೆ. ಆದ್ದರಿಂದ ಹಿಟ್ಟು ಕಲಸುವುದು, ಪಾತ್ರೆ ತೊಳೆಯುವುದು ಎಲ್ಲರ ಪಾಲಿಗೂ ಬರಲಿ. ಸಂಬಳ, ಬಡ್ತಿಗಳ ಪ್ರತಾಪವೂ ಬೇಡ, ಕಾವೇರುವ ವಾದವೂ ಬೇಡ. ಜೊತೆಗೆ ಯಾರೂ ಇಲ್ಲದ ಸಂಜೆ ಉಣ್ಣೆಯ ಕಾಲುಚೀಲ, ಕಂಬಳಿ, ಒಂದು ಪುಸ್ತಕ ಹಿಡಿದು ಕಿಟಕಿಯ ಬಳಿ ಕುಳಿತರೂ ಸಾಕು.

ಮೇಣದಬತ್ತಿ ಉರಿದಾಗ ಕೋಣೆಯ ಗಾಳಿಗೆ ಸೂಕ್ಷ್ಮ ಮಸಿಕಣಗಳು ಸೇರುತ್ತವೆ ಎಂಬುದನ್ನು ಮರೆಯಬಾರದು. ಬತ್ತಿಯ ನೂಲನ್ನು ಹಚ್ಚುವ ಮೊದಲೇ ಅರ್ಧ ಸೆಂಟಿಮೀಟರಿನಷ್ಟಕ್ಕೆ ಕತ್ತರಿಸಿ, ಪರದೆಯಿಂದ ದೂರವಿಡಿ. ಮಲಗುವ ಮುನ್ನ ಎಲ್ಲವನ್ನೂ ಆರಿಸಿ, ಚಳಿ ಎಷ್ಟೇ ಇದ್ದರೂ ಎದುರುಬದುರಿನ ಕಿಟಕಿಗಳನ್ನು 5ರಿಂದ 10 ನಿಮಿಷ ಪೂರ್ತಿ ತೆರೆದಿಡಿ.