ಐಡಿ ಕಾಲಮ್‌ನಲ್ಲಿ ನಂಬರ್ ಹಾರಿದರೆ ಏನು ಮಾಡಬೇಕು?

ಇಳಕಲ್ಲಿನ ಸೀರೆ ಅಂಗಡಿಗೋ ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗೋ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟವರಿಗೆ ಒಂದಲ್ಲ ಒಂದು ದಿನ ಈ ಫೋನ್ ಬರುತ್ತದೆ: "ಸರ, 1042 ಆದ ಮ್ಯಾಲೆ ಸೀದಾ 1045 ಬಂದೈತ್ರಿ, ನಡುವಿನ ಎರಡು ಬಿಲ್ ಎಲ್ಲಿ ಹೋದುವ್ರಿ?" ಸಾವಕಾರರ ಪ್ರಶ್ನೆ ಸರಿಯಾಗೇ ಇದೆ. ಟೇಬಲ್‌ನ ಆಟೋ ಇನ್ಕ್ರಿಮೆಂಟ್ ಐಡಿಯನ್ನೇ (ಪ್ರತಿ ಹೊಸ ಸಾಲಿಗೆ ಡೇಟಾಬೇಸ್ ತಾನೇ ಕೊಡುವ ನಂಬರ್) ಬಿಲ್ ನಂಬರ್ ಅಂತ ಪ್ರಿಂಟ್ ಮಾಡಿದ್ದೇ ತಪ್ಪು.

ಮೊದಲು ಬಿಲ್ ನಿಜಕ್ಕೂ ಅಳಿಸಿಹೋಗಿದೆಯಾ ನೋಡಿ. ಎಸ್‌ಕ್ಯೂಎಲ್‌ನ ಲೀಡ್ (LEAD) ಫಂಕ್ಷನ್‌ನಿಂದ ಪ್ರತಿ ಐಡಿಯ ಪಕ್ಕದಲ್ಲಿ ಮುಂದಿನ ಐಡಿ ತೆಗೆಯಿರಿ, ವ್ಯತ್ಯಾಸ ಒಂದಕ್ಕಿಂತ ಜಾಸ್ತಿ ಇರುವ ಸಾಲುಗಳೇ ಖಾಲಿ ಜಾಗ. ಆ ನಂಬರ್‌ಗಳು ಪೇಮೆಂಟ್ ಅಥವಾ ಐಟಂ ಟೇಬಲ್‌ನಲ್ಲಿ ಸಿಕ್ಕರೆ ಯಾರೋ ಬಿಲ್ ಡಿಲೀಟ್ ಮಾಡಿದ್ದಾರೆ, ಅದು ಬೇರೆಯೇ ತನಿಖೆ.

ಸಿಗದಿದ್ದರೆ ಹೆಚ್ಚಾಗಿ ಕಾರಣ ರೋಲ್‌ಬ್ಯಾಕ್, ಅಂದರೆ ಅರ್ಧಕ್ಕೆ ಕೆಟ್ಟ ಸೇವ್ ಅನ್ನು ಡೇಟಾಬೇಸ್ ಪೂರ್ತಿ ರದ್ದು ಮಾಡುವುದು. ಎರಡು ಕೌಂಟರ್‌ನಲ್ಲಿ ಒಟ್ಟಿಗೆ ಬಿಲ್ ಆಗುವಾಗ ಮೊದಲನೆಯದು ಮುಗಿಯುವ ತನಕ ಎರಡನೆಯದು ಕಾಯಬಾರದು ಅಂತ ಡೇಟಾಬೇಸ್ ಮೊದಲೇ ನಂಬರ್ ಕೊಟ್ಟುಬಿಡುತ್ತದೆ, ಕೊಟ್ಟಿದ್ದನ್ನು ವಾಪಸ್ ತಗೊಳ್ಳುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ನಂಬರ್ ಕೊಡುವ ಸೀಕ್ವೆನ್ಸ್ ಇರಲಿ, ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಇಡುವ ಇನ್ನೋಡಿಬಿ ಎಂಜಿನ್ ಇರಲಿ, ಇದು ಹೀಗೇ. ಇನ್ನೋಡಿಬಿಯಲ್ಲಿ ಡೂಪ್ಲಿಕೇಟ್ ಸಿಕ್ಕರೆ ಅಪ್ಡೇಟ್ ಮಾಡು ಅನ್ನುವ ಇನ್ಸರ್ಟ್ ಕೂಡ ಸುಮ್ನೆ ಒಂದು ನಂಬರ್ ತಿನ್ನುತ್ತದೆ. ಎಸ್‌ಕ್ಯೂಎಲ್ ಸರ್ವರ್ ಇದ್ದಕ್ಕಿದ್ದಂತೆ ಬಂದ್ ಆಗಿ ಮತ್ತೆ ಶುರುವಾದರೆ ಐಡಿ 1000 ದಷ್ಟು ಹಾರಬಹುದು, 2017ರ ಆವೃತ್ತಿಯಿಂದ ಐಡೆಂಟಿಟಿ ಕ್ಯಾಶ್ (ಮೊದಲೇ ತೆಗೆದಿಟ್ಟ ಐಡಿಗಳ ದಾಸ್ತಾನು) ಆಫ್ ಮಾಡಬಹುದು, ಆದರೆ ರೋಲ್‌ಬ್ಯಾಕ್‌ನ ಖಾಲಿ ಜಾಗ ಆಗಲೂ ಉಳಿಯುತ್ತದೆ.

ಹಾಗಾಗಿ ಐಡಿಯನ್ನು ಮುಟ್ಟಬೇಡಿ. ಖಾಲಿ ಜಾಗ ತುಂಬಬೇಡಿ. ಮ್ಯಾಕ್ಸ್ ಐಡಿಗೆ, ಅಂದರೆ ಈಗಿರುವ ಅತಿ ದೊಡ್ಡ ಐಡಿಗೆ, ಒಂದು ಕೂಡಿಸುವ ಕೋಡ್ ಅಂತೂ ಬೇಡವೇ ಬೇಡ, ಇಬ್ಬರು ಒಂದೇ ಕ್ಷಣಕ್ಕೆ ಬಿಲ್ ಒತ್ತಿದರೆ ಇಬ್ಬರಿಗೂ ಒಂದೇ ನಂಬರ್.

ಬಿಲ್ ನಂಬರ್‌ಗೆ ಬೇರೆ ಕಾಲಮ್ ಮಾಡಿ. ಜಿಎಸ್‌ಟಿ ನಿಯಮ 46 ಕೇಳುವುದು ಒಂದರ ಹಿಂದೊಂದು ಬರುವ, ಆ ಹಣಕಾಸು ವರ್ಷದಲ್ಲಿ ಮರುಕಳಿಸದ, 16 ಅಕ್ಷರ ಮೀರದ ನಂಬರ್. ಕೊನೆಯ ಬಿಲ್ ನಂಬರ್ ನೆನಪಿಡುವ ಒಂದು ಕೌಂಟರ್ ಟೇಬಲ್ ಇಡಿ, ವರ್ಷಕ್ಕೊಂದು ಸಾಲು. ಬಿಲ್ ಸೇವ್ ಮಾಡುವ ಟ್ರಾನ್ಸಾಕ್ಷನ್ (ಆದರೆ ಎಲ್ಲಾ ಆಗುವ, ಕೆಟ್ಟರೆ ಏನೂ ಆಗದ ಕೆಲಸಗಳ ಗುಂಪು) ಒಳಗೇ ಆ ಸಾಲನ್ನು ಅಪ್ಡೇಟ್ ಮಾಡಿ ಒಂದು ಕೂಡಿಸಿ, ಬಂದ ನಂಬರನ್ನು ಬಿಲ್‌ಗೆ ಹಾಕಿ, ಕಮಿಟ್ ಮಾಡಿ, ಅಂದರೆ ಪಕ್ಕಾ ಮಾಡಿ. ಏನಾದರೂ ಕೆಟ್ಟರೆ ಕೌಂಟರ್ ಟೇಬಲ್‌ನ ನಂಬರ್ ಕೂಡ ಹಿಂದಕ್ಕೆ ಬರುತ್ತದೆ, ಇದೇ ಇಲ್ಲಿನ ಮುಖ್ಯ ಲಾಭ ಅಲ್ವಾ? ಅಷ್ಟು ಹೊತ್ತು ಅಂಗಡಿಯ ಎರಡನೇ ಬಿಲ್ಲಿಂಗ್ ಕೌಂಟರ್ ಕಾಯುತ್ತದೆ, ಅಂಗಡಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಪ್ರಿಂಟ್, ಎಸ್ಎಂಎಸ್ ಎಲ್ಲಾ ಕಮಿಟ್ ಆದಮೇಲೇ ಇರಲಿ. ವರ್ಷ ಮತ್ತು ನಂಬರ್ ಸೇರಿಸಿ ಯೂನಿಕ್ ಕೀ (ಅದೇ ಜೋಡಿ ಎರಡು ಸಲ ಬರದಂತೆ ತಡೆ) ಹಾಕುವುದನ್ನು ಮರೆಯಬೇಡಿ.

ಗಿರಾಕಿ ಬೇಡ ಅಂದ ಬಿಲ್ ಡಿಲೀಟ್ ಮಾಡಬೇಡಿ, ರದ್ದಾಗಿದೆ ಅಂತ ಗುರುತು ಹಾಕಿ. ಈಗಾಗಲೇ ಕೊಟ್ಟ ಬಿಲ್‌ಗಳ ನಂಬರನ್ನೂ ತಿದ್ದಬೇಡಿ. ಹಳೇ ಐಡಿಗಳನ್ನು ಹೊಸ ಕಾಲಮ್‌ಗೆ ಹಾಗೇ ನಕಲು ಮಾಡಿ, ಕೌಂಟರನ್ನು ಕೊನೆಯ ನಂಬರ್‌ಗೆ ಇಟ್ಟು ಮುಂದುವರಿಸಿ, ಏಪ್ರಿಲ್ 1ಕ್ಕೆ ಹೊಸ ಸಾಲು ಶುರುಮಾಡಿ.