ಐವತ್ತು ನಿಮಿಷ, ಒಂದು ಹಾರ್ನ್, ಎರಡು ತುಟಿ

ನನ್ನ ಫ್ರೆಂಚ್ ಹಾರ್ನ್ ವಾದನದ ಕಛೇರಿಗೆಂದು ನಾನು ಮೊದಲು ಬರೆದ ಪಟ್ಟಿಯಲ್ಲಿ ನಾಲ್ಕು ಕೃತಿಗಳಿದ್ದವು. ಬೀಥೋವನ್ನನ ಸೊನಾಟಾ, ಶೂಮನ್ನನ ಅಡಾಜಿಯೊ ಮತ್ತು ಅಲೆಗ್ರೊ, ರಿಚರ್ಡ್ ಸ್ಟ್ರಾಸ್‌ನ ಮೊದಲನೆಯ ಕಾನ್ಚೆರ್ಟೊ (ಆರ್ಕೆಸ್ಟ್ರಾ ಜತೆ ಒಂಟಿ ವಾದ್ಯಕ್ಕೆ ಬರೆದ ಕೃತಿ), ಕೊನೆಗೆ ದ್ಯುಕಾನ ವಿಲನೆಲ್. ಲಂಡನ್ನಿನ ಒಂದು ಚರ್ಚಿನಲ್ಲಿ ಊಟದ ಹೊತ್ತಿಗೆ ನಡೆಯುವ ಕಛೇರಿ ಅದು. ನನಗೆ ಕೊಟ್ಟಿದ್ದು 50 ನಿಮಿಷ. ನಾಲ್ಕನ್ನೂ ಕೂಡಿದರೆ 47 ನಿಮಿಷ. ಲೆಕ್ಕ ಸರಿಯಾಯಿತು ಎಂದು ಖುಷಿಪಟ್ಟೆ.

ಪಟ್ಟಿಯನ್ನು ನಮ್ಮ ಹಾರ್ನ್ ಬಳಗದ ಹಿರಿಯರೊಬ್ಬರಿಗೆ ತೋರಿಸಿದೆ. ಆರ್ಕೆಸ್ಟ್ರಾಗಳಲ್ಲಿ ಹಾರ್ನ್ ನುಡಿಸಿಯೇ ಬದುಕು ಸಾಗಿಸಿ ನಿವೃತ್ತರಾದವರು. ಅವರು ಪೆನ್ಸಿಲ್ ತೆಗೆದುಕೊಂಡು, ಮೌತ್‌ಪೀಸ್ ತುಟಿಯಿಂದ ಕೆಳಗಿಳಿಯುವ ಜಾಗಕ್ಕೆಲ್ಲ ಒಂದೊಂದು ಗೆರೆ ಎಳೆಯುತ್ತ ಹೋದರು. ಶೂಮನ್ನನ ಪುಟಗಳಲ್ಲಿ ಗೆರೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. "ಸಂಗೀತಕ್ಕೇನೂ ಕೊರತೆಯಿಲ್ಲ. ತುಟಿಗೆ ರಕ್ತ ಓಡೋ ಹೊತ್ತು ಎಲ್ಲಿಟ್ಟಿದೀಯ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಮುಂದಿನ ಎಂಟು ತಿಂಗಳು ನಾನು ಮಾಡಿದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ.

ಹಾರ್ನ್ ಎಂದರೆ ನಮ್ಮ ಕಡೆ ಬಸ್ಸು ಲಾರಿ ನೆನಪಾಗುವುದರಿಂದ ವಾದ್ಯದ ಬಗ್ಗೆ ಎರಡು ಮಾತು. ಫ್ರೆಂಚ್ ಹಾರ್ನ್ ಸುರುಳಿ ಸುತ್ತಿದ ಹಿತ್ತಾಳೆ ಕೊಳವೆ. ಬಿಚ್ಚಿ ನೇರ ಮಾಡಿದರೆ ಎಫ್ ಶ್ರುತಿಯ ಕೊಳವೆ ಸುಮಾರು 3.7 ಮೀಟರ್ ಬರುತ್ತದೆ. ಈಗ ಹೆಚ್ಚಿನವರು ಹಿಡಿಯುವುದು ಡಬಲ್ ಹಾರ್ನ್. ಅದರಲ್ಲಿ ಎಫ್ ಕೊಳವೆಯ ಜತೆಗೆ ಇನ್ನೂ ಗಿಡ್ಡನೆಯ ಬಿ ಫ್ಲಾಟ್ ಕೊಳವೆಯೂ ಇರುತ್ತದೆ, ಹೆಬ್ಬೆರಳ ವಾಲ್ವ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಎಡಗೈ ವಾಲ್ವುಗಳ ಮೇಲೆ, ಬಲಗೈ ಬೆಲ್ ಎನ್ನುವ ಅಗಲ ಬಾಯಿಯ ಒಳಗೆ. ಕೊಳವೆ ಇಷ್ಟುದ್ದ ಇರುವುದರಿಂದ ಮೇಲಿನ ಸ್ಥಾಯಿಯಲ್ಲಿ ಸಹಜ ಸ್ವರಗಳು, ಅಂದರೆ ವಾಲ್ವ್ ಮುಟ್ಟದೆ ತುಟಿಯಿಂದಲೇ ಬರುವ ಸ್ವರಗಳು, ಒತ್ತೊತ್ತಾಗಿ ಕೂತಿರುತ್ತವೆ. ತುಟಿ ಕೂದಲೆಳೆಯಷ್ಟು ಸಡಿಲವಾದರೆ ಸಾಕು, ಬೇಕಾದ ಸ್ವರ ಬಿಟ್ಟು ಪಕ್ಕದ್ದು ಬಂದುಬಿಡುತ್ತದೆ. ದಣಿದ ತುಟಿಯಿಂದ ಆಗುವ ಅನಾಹುತ ಅದೇ.

ನಾನು ಮೈಸೂರಿನವನು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ, ಸಂಜೆಗೆ ಹವ್ಯಾಸಿ ಆರ್ಕೆಸ್ಟ್ರಾ. ಹಾರ್ನ್ ನನಗೆ ಬಂದದ್ದು ಅಪ್ಪನಿಂದ. ಅವರು ಪೊಲೀಸ್ ಬ್ಯಾಂಡಿನಲ್ಲಿದ್ದರು. ಬ್ಯಾಂಡಿನ ಹಾರ್ನ್‌ಗೆ ರಾಗದ ಭಾಗ ಸಿಗುವುದು ಅಪರೂಪ. ಕೆಳಗಿನ ವಾದ್ಯ 'ಉಂ' ಎಂದರೆ ಹಾರ್ನ್ 'ಪಾ' ಎನ್ನಬೇಕು. ಪೆಟ್ಟಿಗೂ ಪೆಟ್ಟಿಗೂ ನಡುವೆ, ಮೆರವಣಿಗೆ ಮುಗಿಯುವ ತನಕ. ಆ 'ಪಾ'ವನ್ನು ಅಪ್ಪ ಎಷ್ಟು ಸ್ವಚ್ಛವಾಗಿ ನುಡಿಸುತ್ತಿದ್ದರೆಂದರೆ, ನಾನು ಈಗಲೂ ದಿನದ ಅಭ್ಯಾಸವನ್ನು ಅದರಿಂದಲೇ ಶುರುಮಾಡುತ್ತೇನೆ.

ಪಟ್ಟಿಯಿಂದ ಮೊದಲು ಹೋದದ್ದು ಸ್ಟ್ರಾಸ್. ಇದರ ಮೇಲೆ ಬಳಗದಲ್ಲಿ ದೊಡ್ಡ ಚರ್ಚೆಯೇ ಆಯಿತು. ಆರ್ಕೆಸ್ಟ್ರಾಗೆ ಬರೆದ ಕಾನ್ಚೆರ್ಟೊವನ್ನು ಪಿಯಾನೊ ಜತೆ ನುಡಿಸುವುದೇ ಸಲ್ಲದು ಎಂದು ಹಾರ್ನ್ ಕಲಿಸುವ ಒಬ್ಬಾಕೆಯ ವಾದ. ಪರೀಕ್ಷೆಗಳಲ್ಲಿ, ಆಯ್ಕೆಗಳಲ್ಲಿ ಎಲ್ಲರೂ ಹಾಗೇ ನುಡಿಸುವುದಲ್ಲವೇ ಎಂದು ಉಳಿದವರು. ನನ್ನ ಕಾರಣ ಬೇರೆ. ಆ ಕಾನ್ಚೆರ್ಟೊದಲ್ಲಿ ಆರ್ಕೆಸ್ಟ್ರಾ ಒಂದೇ ಮೊರೆಯುವ ಭಾಗಗಳಿವೆ, ಹಾರ್ನಿನವನ ವಿಶ್ರಾಂತಿ ಇರುವುದೇ ಅಲ್ಲಿ. ಪಿಯಾನೊ ಜತೆ ನುಡಿಸುವಾಗ ಅವು ತೆಳ್ಳಗೆ ಕೇಳುತ್ತವೆಂದು ಕತ್ತರಿಸುತ್ತಾರೆ. ಕತ್ತರಿಸಿದರೆ ತುಟಿಯ ಗತಿ ಏನು? ಸ್ಟ್ರಾಸ್ ಅದನ್ನು 1883ರಲ್ಲಿ, ಹದಿನೆಂಟರ ಹರೆಯದಲ್ಲಿ ಮುಗಿಸಿದ. ಅವನ ತಂದೆ ಫ್ರಾನ್ಸ್ ಸ್ಟ್ರಾಸ್ ಮ್ಯೂನಿಕ್ಕಿನ ಆಸ್ಥಾನ ಆರ್ಕೆಸ್ಟ್ರಾದ ಹಾರ್ನ್ ವಾದಕ. ಮನೆಯೊಳಗೇ ಹಾರ್ನ್ ಕೇಳಿ ಬೆಳೆದ ಹುಡುಗ ಎಲ್ಲಿ ಉಸಿರಿಗೆ ಜಾಗ ಬಿಡಬೇಕೆಂದು ತಿಳಿದೇ ಬಿಟ್ಟಿದ್ದ. ಅದನ್ನು ಕಿತ್ತುಹಾಕಲು ನನಗೆ ಮನಸ್ಸು ಬರಲಿಲ್ಲ.

ಶೂಮನ್ನನನ್ನು ಬಿಡುವಾಗ ನಿಜಕ್ಕೂ ಸಂಕಟವಾಯಿತು. 1849ರಲ್ಲಿ, ವಾಲ್ವ್ ಇರುವ ಹಾರ್ನ್ ಇನ್ನೂ ಹೊಸದಿದ್ದಾಗ, ಅದರ ಮೇಲೆ ಅಷ್ಟು ಭರವಸೆಯಿಟ್ಟು ಬರೆದ ಕೃತಿ. ಆದರೆ ಅದನ್ನು ಪಿಟೀಲಿನಲ್ಲೋ ಚೆಲ್ಲೊದಲ್ಲೋ ನುಡಿಸಬಹುದೆಂದು ಆಗಲೇ ಅವಕಾಶ ಕೊಟ್ಟಿದ್ದರು. ಬಿಲ್ಲಿಗೆ ದಣಿವಿಲ್ಲ. ನಮ್ಮ ಪಿಯಾನೊ ವಾದಕಿಯ ಜತೆ ಮೂರು ಸಲ ಪೂರ್ತಿ ನುಡಿಸಿ ನೋಡಿದೆ. ಮೂರು ಸಲವೂ ಕೊನೆಯ ಪುಟದಲ್ಲಿ ನನ್ನ ತಾರಸ್ಥಾಯಿ ಬರೀ ಗಾಳಿಯಾಗಿತ್ತು.

ಇಂಥ ಹೊತ್ತಿನಲ್ಲಿ ಧೈರ್ಯ ಕೊಟ್ಟವನು ಮೊಜಾರ್ಟ್. ಅವನ ಹಾರ್ನ್ ಕಾನ್ಚೆರ್ಟೊಗಳು ಗೆಳೆಯ ಯೋಸೆಫ್ ಲ್ಯೂಟ್‌ಗೆಬ್‌ನಿಗಾಗಿ ಬರೆದವು. ಮೂರು ಇ ಫ್ಲಾಟ್ ಶ್ರುತಿಯಲ್ಲಿವೆ. ಒಂದನೆಯ ಸಂಖ್ಯೆ ಹೊತ್ತಿರುವ, ಆದರೆ ಮೊಜಾರ್ಟ್ ತನ್ನ ಕಡೆಯ ವರ್ಷವಾದ 1791ರಲ್ಲಿ ಬರೆದ ಕಾನ್ಚೆರ್ಟೊ ಅರ್ಧ ಸ್ವರ ಕೆಳಗೆ, ಡಿ ಶ್ರುತಿಯಲ್ಲಿದೆ. ಅದರಲ್ಲಿ ಸ್ವರಗಳ ಹರವೂ ಕಿರಿದು, ತೀರಾ ಮೇಲಿನವೂ ಇಲ್ಲ, ತೀರಾ ಕೆಳಗಿನವೂ ಇಲ್ಲ. ಲ್ಯೂಟ್‌ಗೆಬ್‌ನಿಗೆ ಆಗ ಅರವತ್ತರ ಹತ್ತಿರ. ಗೆಳೆಯನ ತುಟಿಗೆ ತಕ್ಕಂತೆ ಮೊಜಾರ್ಟನೇ ಅಳತೆ ಬದಲಿಸಿದ ಮೇಲೆ, ನನ್ನ ಪಟ್ಟಿ ಬದಲಿಸಲು ನಾನೇಕೆ ಹಿಂಜರಿಯಬೇಕು?

ಬೀಥೋವನ್ ಉಳಿದ. ಆ ಸೊನಾಟಾವನ್ನು 1800ರ ಏಪ್ರಿಲ್ 18ರಂದು ವಿಯೆನ್ನಾದಲ್ಲಿ ಆ ಕಾಲದ ಹೆಸರಾಂತ ಹಾರ್ನ್ ವಾದಕ ಪುಂಟೊ ನುಡಿಸಿದ, ಪಿಯಾನೊಗೆ ಬೀಥೋವನ್ನನೇ ಕೂತಿದ್ದ. ಪುಂಟೊನ ಕೈಚಳಕವೆಲ್ಲ ಮಂದ್ರದಲ್ಲಿ. ಹಾಗಾಗಿ ಹಾರ್ನ್ ಕೆಳಕ್ಕೆ ಜಿಗಿದು ನಿಲ್ಲುವ ಜಾಗಗಳು ಅದರಲ್ಲಿ ತುಂಬ. ಅದರ ನಂತರ ಪಿಯಾನೊ ವಾದಕಿ ಒಬ್ಬರೇ ಬ್ರಾಮ್ಸ್‌ನ ಇಂಟರ್‌ಮೆಟ್ಸೊ ಎಂಬ ಒಂದು ಕಿರುಕೃತಿ ನುಡಿಸುವುದು, ಆರು ನಿಮಿಷ. ಆಮೇಲೆ ಸೇನ್ ಸಾನ್ಸ್‌ನ ರೊಮಾನ್ಸ್, ನಾಲ್ಕು ನಿಮಿಷ, ಮಧ್ಯಸ್ಥಾಯಿಯಲ್ಲಿ ಹಿತವಾಗಿ ಹರಿಯುವಂಥದು. ನಂತರ ಬಾಕ್, ಕೊನೆಗೆ ದ್ಯುಕಾ. ಈ ಆರು ನಿಮಿಷದ ಪಿಯಾನೊ ನನ್ನ ಕಛೇರಿಯನ್ನು ಉಳಿಸಿತು. ತಾನೊಬ್ಬನೇ ಐವತ್ತು ನಿಮಿಷ ನುಡಿಸಿದೆನೆಂದು ಹೇಳಿಕೊಳ್ಳುವ ಆಸೆ ಹವ್ಯಾಸಿಗಳಿಗೆ ಇರುತ್ತದೆ. ದಯವಿಟ್ಟು ಬಿಡಿ. ಜತೆಗಾರರಿಗೆ ಜಾಗ ಕೊಡಿ.

ಬಾಕ್ ಬಗ್ಗೆ ಹೆಚ್ಚು ಜಗಳ. ಅವನ ಚೆಲ್ಲೊ ಸೂಟ್‌ಗಳನ್ನು, ಅಂದರೆ ಒಂಟಿ ಚೆಲ್ಲೊಗೆ ಬರೆದ ನೃತ್ಯಮಾಲೆಗಳನ್ನು, ಹಾರ್ನಿನವರು ಅಭ್ಯಾಸಕ್ಕೆ ಬಳಸುತ್ತಲೇ ಬಂದಿದ್ದಾರೆ. ವೇದಿಕೆಗೆ ತರಬಹುದೇ ಎಂಬುದು ಪ್ರಶ್ನೆ. ಮೊದಲನೆಯ ಸೂಟ್‌ನ ಆರಂಭದ ಭಾಗವಾದ ಪ್ರೆಲ್ಯೂಡನ್ನು ನಾನು ಎರಡು ತಿಂಗಳು ಒದ್ದಾಡಿ ಬಿಟ್ಟುಬಿಟ್ಟೆ. ಅದರಲ್ಲಿ ಉಸಿರಿಗೆ ತಾವಿಲ್ಲ. ಎಲ್ಲಿ ಉಸಿರೆಳೆದರೂ ಓಟ ಮುರಿಯುತ್ತದೆ. ಅದೇ ಸೂಟ್‌ನ ನಿಧಾನ ನೃತ್ಯವಾದ ಸಾರಾಬಾಂದ್ ಹಾಗಲ್ಲ, ಅದರ ನಡಿಗೆಯಲ್ಲೇ ನಿಲುಗಡೆಯಿದೆ. ಚೆಲ್ಲೊದಲ್ಲಿ ಮೂರು ನಾಲ್ಕು ತಂತಿ ಒಟ್ಟಿಗೆ ಮಿಡಿಯುವ ಕಡೆ, ಕೆಳಗಿನ ಸ್ವರವನ್ನು ಮೊದಲು ಲಘುವಾಗಿ ಮುಟ್ಟಿ ಮೇಲಿನದಕ್ಕೆ ಹೋದೆ, ನಡುವಿನವನ್ನು ಬಿಟ್ಟೆ. ಚರ್ಚಿನ ಕಲ್ಲುಗೋಡೆ ಆ ಕೆಳಗಿನ ಸ್ವರವನ್ನು ಹಿಡಿದಿಟ್ಟುಕೊಂಡಿತು. ಜಾಗ ನೋಡದೆ ಅಳವಡಿಕೆ ಮಾಡಬಾರದೆಂದು ಆಗ ಗೊತ್ತಾಯಿತು. ನನ್ನ ಸಣ್ಣ ಕೋಣೆಯಲ್ಲಿ ಅದೇ ಸಾರಾಬಾಂದ್ ಒಣಒಣವಾಗಿ ಕೇಳುತ್ತಿತ್ತು.

ಇನ್ನು ವಾದ್ಯವನ್ನು ಮಾರ್ಪಡಿಸುವ ವಿಷಯ. ಇದು ಅಂಟುರೋಗ. ಒಬ್ಬರು ಮೇಲಿನ ಹೊಳಪಿನ ಲೇಪ ತೆಗೆಸುತ್ತಾರೆ, ಇನ್ನೊಬ್ಬರು ವಾಲ್ವಿನ ಮುಚ್ಚಳಕ್ಕೆ ಭಾರ ಹಾಕಿಸುತ್ತಾರೆ. ನಾನು ಮಾಡಿಸಿದ ಮೊದಲ ಬದಲಾವಣೆ ಬೆಲ್ ಕತ್ತರಿಸಿ, ಬೇಕಾದಾಗ ಬಿಚ್ಚಲು ಬರುವಂತೆ ತಿರುಪಿನ ಬಳೆ ಕೂರಿಸಿದ್ದು. ವಿಮಾನದಲ್ಲಿ ಮೈಸೂರಿಗೆ ಒಯ್ಯಲು ಅದು ಅನಿವಾರ್ಯವಾಗಿತ್ತು. ಬಳೆಯ ಭಾರದಿಂದ ನಾದ ಮಂಕಾಗುತ್ತದೆಂದು ಹಲವರು ಹೆದರಿಸಿದ್ದರು. ಕತ್ತರಿಸುವ ಮುಂಚೆ, ಕತ್ತರಿಸಿದ ಮೇಲೆ ಒಂದೇ ಕೋಣೆಯಲ್ಲಿ ನುಡಿಸಿ ಮುದ್ರಿಸಿಕೊಂಡೆ. ನುಡಿಸುವವನ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ, ಹತ್ತನೆಯ ಸಾಲಿನಲ್ಲಿ ಕೂತವರಿಗೆ ಇಲ್ಲ. ಇದು ನನ್ನ ಹಾರ್ನಿನ ಮಟ್ಟಿಗಿನ ಮಾತು.

ಎರಡನೆಯದು ಹೆಬ್ಬೆರಳ ವಾಲ್ವನ್ನು ತಿರುಗಿಸುವ ದಾರ ತೆಗೆಸಿ ಲೋಹದ ಕೀಲು ಹಾಕಿಸಿದ್ದು. ದಾರ ಸವೆಯುತ್ತದೆ, ಕೀಲು ಸವೆಯದು ಎಂಬ ಆಸೆ. ಕೀಲಿನ ತುದಿ ಸಡಿಲವಾಗಿ ರೊಮಾನ್ಸಿನ ಮೆಲುದನಿಯಲ್ಲಿ ಟಿಕ್ ಟಿಕ್ ಎನ್ನತೊಡಗಿತು. ಮತ್ತೆ ದಾರಕ್ಕೇ ಬಂದೆ. ಮೀನು ಹಿಡಿಯುವ ಹೆಣೆದ ದಾರ, ಎಂಟರ ಆಕಾರದಲ್ಲಿ ಸುತ್ತು, ತಿರುಪಿನಡಿ ಬಿಗಿ. ಕಟ್ಟುವುದನ್ನು ಕಲಿಸಿದ್ದು ಅಪ್ಪ. ನನಗೆ ಆಗ ಹನ್ನೆರಡು ವರ್ಷ, ನಮ್ಮ ಮನೆಯ ಜಗಲಿ. ಐದು ನಿಮಿಷದ ಕೆಲಸ.

ಮೂರನೆಯದು ಪಾಠ ಕಲಿಸಿತು. ಮೌತ್‌ಪೀಸ್ ಕೂರುವ ಮೊದಲ ಕೊಳವೆಗೆ ಲೀಡ್‌ಪೈಪ್ ಎನ್ನುತ್ತೇವೆ. ಅದು ಎಷ್ಟು ನಿಧಾನವಾಗಿ ಅಗಲವಾಗುತ್ತ ಹೋಗುತ್ತದೆ ಎಂಬುದರ ಮೇಲೆ ವಾದ್ಯದ ಶ್ರುತಿ, ಗಾಳಿಯ ತಡೆ ಎರಡೂ ನಿಂತಿವೆ. ವಿಲನೆಲ್‌ನ ಮೇಲಿನ ಸ್ವರಗಳು ಸಲೀಸಾಗಲೆಂದು ಹಳೆಯದರ ಬೆಸುಗೆ ಬಿಚ್ಚಿಸಿ ಬೇರೆ ಪೈಪ್ ಹಾಕಿಸಿದೆ. ಮೇಲಿನವು ನಿಜಕ್ಕೂ ಸಲೀಸಾದವು. ಒಂದು ವಾರ ಹಿಗ್ಗಿದೆ. ಆಮೇಲೆ ಬೀಥೋವನ್ ತೆಗೆದರೆ ಪುಂಟೊನ ಆ ಮಂದ್ರದ ಸ್ವರಗಳು ನಡುಗುತ್ತಿದ್ದವು, ನೆಲವೇ ಇಲ್ಲದಂತೆ. ಒಂದು ಕೃತಿಗೆಂದು ಮಾಡಿಸಿದ್ದು ಇನ್ನೊಂದು ಕೃತಿಯನ್ನು ಕೆಡಿಸಿತ್ತು. ಯಾವುದನ್ನು ನುಡಿಸಬೇಕು, ಯಾವ ವಾದ್ಯದಲ್ಲಿ ನುಡಿಸಬೇಕು ಎಂಬುವು ಬೇರೆಬೇರೆ ಪ್ರಶ್ನೆಗಳೆಂದು ಅಲ್ಲಿಯವರೆಗೆ ತಿಳಿದಿದ್ದೆ. ಹಿರಿಯರು ಡೆನಿಸ್ ಬ್ರೇನ್ ಮಾತು ತೆಗೆದರು. ಇಂಗ್ಲೆಂಡಿನ ಆ ಮಹಾನ್ ಹಾರ್ನ್ ವಾದಕ ತಂದೆ ಮೆಚ್ಚಿದ್ದ ಸಪೂರ ಕೊಳವೆಯ ಫ್ರೆಂಚ್ ವಾದ್ಯ ಬಿಟ್ಟು, 1951ರಲ್ಲಿ ಜರ್ಮನಿಯ ಅಲೆಕ್ಸಾಂಡರ್ ಹಾರ್ನ್ ಹಿಡಿದವರು. 1956ರಲ್ಲಿ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ತೋಟಕ್ಕೆ ನೀರು ಬಿಡುವ ಪೈಪನ್ನೇ ಊದಿ ಜನರನ್ನು ಬೆರಗುಗೊಳಿಸಿದವರೂ ಅವರೇ. "ವಾದ್ಯ ಬದಲಾಯಿಸು, ತಪ್ಪಿಲ್ಲ. ನಿನ್ನ ಕಿವಿಯಲ್ಲಿರೋ ನಾದ ಯಾವುದು ಅಂತ ಮೊದಲು ಗೊತ್ತಿರಲಿ" ಎಂದರು. ಹಳೆಯ ಪೈಪನ್ನೇ ಮತ್ತೆ ಬೆಸೆಯಿಸಿದೆ. ಎರಡು ಸಲದ ಖರ್ಚು, ಆರು ವಾರದ ಅಭ್ಯಾಸ ಹೋಯಿತು. ಕಛೇರಿಗೆ ಮೂರು ತಿಂಗಳಿರುವಾಗ ಹಾರ್ನಿಗೆ ಕೈ ಹಾಕಿಸಬೇಡಿ.

ದ್ಯುಕಾ ವಿಲನೆಲ್ ಬರೆದದ್ದು 1906ರಲ್ಲಿ, ಪ್ಯಾರಿಸ್ ಕಾನ್ಸರ್ವೇಟರಿಯ ಸ್ಪರ್ಧೆಗೆ. ಶುರುವಿನ ಭಾಗವನ್ನು ವಾಲ್ವ್ ಮುಟ್ಟದೆ ನುಡಿಸಬೇಕೆಂದು ಅವನೇ ಸೂಚಿಸಿದ್ದಾನೆ. ಬರಿಯ ಕೊಳವೆ, ತುಟಿ, ಬೆಲ್‌ನೊಳಗಿನ ಕೈ. ಸಹಜ ಸ್ವರಶ್ರೇಣಿಯಲ್ಲಿ ಹನ್ನೊಂದನೆಯದು ಒಂದು ವಿಚಿತ್ರ ಸ್ವರ. ನಮ್ಮ ಲೆಕ್ಕದಲ್ಲಿ ಅದು ಶುದ್ಧ ಮಧ್ಯಮವೂ ಅಲ್ಲ, ಪ್ರತಿಮಧ್ಯಮವೂ ಅಲ್ಲ, ಎರಡರ ಸರಿನಡುವೆ ನಿಲ್ಲುತ್ತದೆ. ಹದಿಮೂರನೆಯದು ಚತುಃಶ್ರುತಿ ಧೈವತಕ್ಕಿಂತ ತಗ್ಗು. ಕೈಯನ್ನು ಬೆಲ್‌ನೊಳಗೆ ಮುಚ್ಚುತ್ತ ತೆರೆಯುತ್ತ ಅವನ್ನು ದಾರಿಗೆ ತರಬೇಕು. ಬಳಗದವರು ಇದನ್ನು ಶ್ರುತಿ ತಿದ್ದುವ ಕಷ್ಟ ಎಂದೇ ನೋಡುತ್ತಿದ್ದರು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ವೀಣೆ ಪಾಠ ಕೇಳಿ ಬೆಳೆದ ನನಗೆ ಅದು ಜಾರು ಹಾಗೆ ಕೇಳಿಸಿತು. ಮಧ್ಯಮ ಗಾಂಧಾರಕ್ಕೆ ಜಾರುವಾಗ ಕೈ ತಾನೇ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ.

ಕೊನೆಯ ಕಿರುಕೃತಿ ಹೊಳೆದದ್ದು ಆಗ. ಮೈಸೂರು ಸಂಸ್ಥಾನದ ಗೀತೆ 'ಕಾಯೌ ಶ್ರೀ ಗೌರಿ'. ಬಸವಪ್ಪ ಶಾಸ್ತ್ರಿಗಳ ರಚನೆ, ರಾಗ ಧೀರಶಂಕರಾಭರಣ. ಅಪ್ಪ ಬ್ಯಾಂಡಿನಲ್ಲಿ ಅದನ್ನು ಎಷ್ಟು ಸಲ ನುಡಿಸಿದ್ದಾರೋ. ಆದರೆ ರಾಗ ಯಾವಾಗಲೂ ಕಾರ್ನೆಟ್, ಕ್ಲಾರಿನೆಟ್‌ಗಳದು, ಅಪ್ಪನದು ಅದೇ 'ಪಾ'. ನಾನು ಮೊದಲ ಸಾಲನ್ನು ವಾಲ್ವ್ ಇಲ್ಲದ ಹಾರ್ನ್ ಒಂದಕ್ಕೇ ಬರೆದೆ. ಎರಡನೆಯ ಸಾಲಿನಿಂದ ವಾಲ್ವ್, ಒಂದು ನಾಲ್ಕು ಸ್ವರ ಕೆಳಗಿಳಿಸಿ, ದಣಿದ ತುಟಿಗೆ ದಕ್ಕುವಂತೆ. ಪಿಯಾನೊದ ಎಡಗೈಗೆ 'ಉಂ', ಬಲಗೈಗೆ 'ಪಾ'.

ಇದನ್ನು ಬಳಗದಲ್ಲಿ ನುಡಿಸಿ ತೋರಿಸಿದಾಗ ಹಿರಿಯರು, "ಮೈಸೂರು ಅಂದರೆ ಆ ಮಹಾರಾಜರ ಮೈಸೂರೇ?" ಎಂದು ಕೇಳಿ, ಅದರ ಕತೆ ಹೇಳಿದರು. ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದದ್ದು ಅವನು ತೀರಿಕೊಂಡ ಮೇಲೆ, 1950ರ ಮೇ 22ರಂದು, ಇದೇ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ನಡೆಸಿದರು, ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ನುಡಿಸಿತು. ಖರ್ಚಿಗೆ ಹೊಣೆ ನಿಂತವರು ಜಯಚಾಮರಾಜ ಒಡೆಯರು. ಆ ಹಾಡುಗಳಲ್ಲಿ 'ಸೆಪ್ಟೆಂಬರ್' ಎಂಬುದು ಮುಗಿಯುವುದು ಒಂಟಿ ಹಾರ್ನಿನ ದನಿಯಲ್ಲಿ. ಅದನ್ನು ಎಷ್ಟೋ ಸಲ ಕೇಳಿದ್ದ ನನಗೆ ಈ ಸಂಬಂಧ ಗೊತ್ತಿರಲಿಲ್ಲ. ಅಂದು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅರಮನೇಲಿ ಪಾಶ್ಚಾತ್ಯ ಸಂಗೀತದ ರೆಕಾರ್ಡು ಬೇಕಾದಷ್ಟಿತ್ತಂತೆ ಕಣಪ್ಪ, ನಮ್ಮ ಬ್ಯಾಂಡಿನ ಹಳಬರು ಹೇಳೋರು" ಎಂದರು.

ಕಛೇರಿಯ ದಿನ ಬೆಳಿಗ್ಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಊದಲಿಲ್ಲ. ಉಪ್ಪು ಕಡಿಮೆ ತಿಂದೆ, ಉಪ್ಪಿಗೆ ನನ್ನ ತುಟಿ ಊದಿಕೊಳ್ಳುತ್ತದೆ. ಕೇಳಲು ಬಂದವರು ಅರವತ್ತು ಜನ ಇದ್ದಿರಬಹುದು, ಹಲವರ ಕೈಯಲ್ಲಿ ಊಟದ ಪೊಟ್ಟಣ. ಬೀಥೋವನ್‌ನ ಮಂದ್ರ ಗಟ್ಟಿಯಾಗಿ ನಿಂತಿತು. ಸಾರಾಬಾಂದ್‌ನಲ್ಲಿ ಎರಡು ಸ್ವರ ಒಡೆದವು. ವಿಲನೆಲ್‌ನ ಕೊನೆಯ ಓಟಕ್ಕೆ ಬಂದಾಗ ತುಟಿಯಲ್ಲಿ ಇನ್ನೂ ಜೀವ ಇತ್ತು. ಅಭ್ಯಾಸದ ಎಂಟು ತಿಂಗಳಲ್ಲಿ ಅಲ್ಲಿಗೆ ಬರುವ ಹೊತ್ತಿಗೆ ಜೀವ ಇರುತ್ತಿದ್ದುದು ಅಪರೂಪ. 'ಕಾಯೌ ಶ್ರೀ ಗೌರಿ' ಶುರುಮಾಡುವ ಮುಂಚೆ, ಇದು ನಮ್ಮ ತಂದೆ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಗೀತೆ ಎಂದಷ್ಟೇ ಹೇಳಿದೆ.

ಕಛೇರಿಯ ಧ್ವನಿಮುದ್ರಣವನ್ನು ಸಂಜೆಯೇ ಮೈಸೂರಿಗೆ ಕಳಿಸಿದೆ. ಮರುದಿನ ಅಪ್ಪ ಫೋನ್ ಮಾಡಿದರು. ಮೂರು ಸಲ ಕೇಳಿದರಂತೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೊದಲನೇ ಸಾಲಲ್ಲಿ ಮಧ್ಯಮ ಒಂದು ಚೂರು ಏರಿದೆ. ಕೈ ಇನ್ನೊಂಚೂರು ಒಳಗೆ ಹೋಗ್ಬೇಕು ನೋಡು" ಎಂದರು.