ಮಳೆಗಾಲಕ್ಕೆ ಮುನ್ನ ಒಂದು ಲಿನಕ್ಸ್ ಟೆಂಪ್ಲೇಟ್ ಸಿದ್ಧಪಡಿಸುವ ಬಗೆ

ಕೊಡಗಿನಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕವೇ ಬೇರೆ. ಮಡಿಕೇರಿ, ಭಾಗಮಂಡಲದ ಕಡೆ ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಕೇಬಲ್ ತುಂಡಾದರೆ ಇಂಟರ್‌ನೆಟ್ ಯಾವಾಗ ಮರಳುತ್ತದೆಂದು ಹೇಳುವವರಿರುವುದಿಲ್ಲ. ಅಂಥ ದಿನವೇ ಒಂದು ಸರ್ವರ್ ಕೆಟ್ಟರೆ, ಹೊಸದನ್ನು ಮೊದಲಿನಿಂದ ಇನ್‌ಸ್ಟಾಲ್ ಮಾಡಿ, ನೂರಾರು ಎಂಬಿ ಅಪ್‌ಡೇಟ್ ಇಳಿಸಿಕೊಳ್ಳುತ್ತ ಕೂರಲು ಸಾಧ್ಯವಿಲ್ಲ. ಒಮ್ಮೆ ಅಚ್ಚುಕಟ್ಟಾಗಿ ಕಟ್ಟಿಟ್ಟ ಟೆಂಪ್ಲೇಟ್ (ಸರ್ವರ್‌ನ ಅಚ್ಚು) ಇದ್ದರೆ ಅದರಿಂದ ನಕಲು ತೆಗೆದು ಕೆಲವೇ ನಿಮಿಷಗಳಲ್ಲಿ ಸರ್ವರ್ ಎಬ್ಬಿಸಬಹುದು. ಇಲ್ಲಿ ಪ್ರಾಕ್ಸ್‌ಮಾಕ್ಸ್ ಎಂಬ ಹೈಪರ್‌ವೈಸರ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರಿನಲ್ಲೇ ರೂಪಿಸಿದ ಕಂಪ್ಯೂಟರ್‌ಗಳನ್ನು ನಡೆಸುವ ತಂತ್ರಾಂಶ) ಮೇಲೆ ಡೆಬಿಯನ್ 12 ಅಥವಾ ಉಬುಂಟು 24.04 ಬಳಸುವುದಾಗಿ ಭಾವಿಸಿ ಬರೆದಿದ್ದೇನೆ. ಬೇರೆ ಹೈಪರ್‌ವೈಸರ್‌ನಲ್ಲಿ ಗುಂಡಿಗಳ ಹೆಸರು ಬದಲಾಗಬಹುದು, ಕ್ರಮ ಬದಲಾಗದು.

ಮೊದಲು ಒಂದು ಸಣ್ಣ ವರ್ಚುವಲ್ ಮಷೀನ್ ರಚಿಸಿಕೊಳ್ಳಿ. ಎರಡು ಕೋರ್, 2 ಜಿಬಿ ರ‍್ಯಾಮ್, 10 ಜಿಬಿ ಡಿಸ್ಕ್ ಧಾರಾಳವಾಯಿತು. ಡಿಸ್ಕನ್ನು ಬೇಕೆಂದೇ ಚಿಕ್ಕದಾಗಿಡಬೇಕು, ಏಕೆಂದರೆ ನಕಲು ತೆಗೆದ ಮೇಲೆ ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ತಲೆನೋವು. ಇದೇ ಕಾರಣಕ್ಕೆ ರೂಟ್ ಪಾರ್ಟಿಶನ್ (ಸಿಸ್ಟಮ್ ಇರುವ ಮುಖ್ಯ ಭಾಗ) ಡಿಸ್ಕಿನ ಕೊನೆಯಲ್ಲಿರಬೇಕು. ಇನ್‌ಸ್ಟಾಲರ್ ತಾನಾಗಿ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಪಾರ್ಟಿಶನ್ನನ್ನು ರೂಟ್‌ನ ನಂತರ ಕೂರಿಸಿಬಿಟ್ಟರೆ, ಡಿಸ್ಕ್ ಹಿಗ್ಗಿಸಿದರೂ ರೂಟ್‌ಗೆ ಬೆಳೆಯಲು ದಾರಿಯಿರುವುದಿಲ್ಲ. ಆದ್ದರಿಂದ ಸ್ವಾಪ್ ಬೇಕಿದ್ದರೆ ಫೈಲ್ ರೂಪದಲ್ಲಿ ಮಾಡಿಕೊಳ್ಳುವುದು ಉತ್ತಮ. ಡಿಸ್ಕ್ ಮತ್ತು ನೆಟ್‌ವರ್ಕ್ ಕಾರ್ಡ್ ಎರಡಕ್ಕೂ ವರ್ಟಿಯೋ (ವರ್ಚುವಲ್ ಮಷೀನ್‌ಗೆಂದೇ ಮಾಡಿದ ವೇಗದ ಬಗೆ) ಆರಿಸಿ, ಡಿಸ್ಕಿಗೆ ಅಳಿಸಿದ ಜಾಗವನ್ನು ಮರಳಿಸುವ ಡಿಸ್ಕಾರ್ಡ್ ಆಯ್ಕೆಯನ್ನೂ ಚಾಲೂ ಮಾಡಿ.

ಒಳಗೆ ಹಾಕಬೇಕಾದದ್ದು ಕಡಿಮೆಯೇ: ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಸರ್ವರ್, ಹೈಪರ್‌ವೈಸರ್ ಜೊತೆ ಮಾತಾಡಲು ಕ್ಯೂಎಮು ಗೆಸ್ಟ್ ಏಜೆಂಟ್, ಮೊದಲ ಬೂಟ್‌ನಲ್ಲಿ ಪ್ರತಿ ನಕಲನ್ನು ಹೊಂದಿಸಲು ಕ್ಲೌಡ್-ಇನಿಟ್, ಗಡಿಯಾರ ಸರಿಯಿಡಲು ಕ್ರೋನಿ, ಮತ್ತೆ ನೀವು ದಿನವೂ ಕೈಹಾಕುವ ನಾಲ್ಕಾರು ಉಪಕರಣಗಳು. ಗೆಸ್ಟ್ ಏಜೆಂಟನ್ನು ಹೈಪರ್‌ವೈಸರ್‌ನ ಆಯ್ಕೆಗಳಲ್ಲಿಯೂ ಚಾಲೂ ಮಾಡಬೇಕೆಂಬುದನ್ನು ಮರೆಯುವವರೇ ಹೆಚ್ಚು. ಡೇಟಾಬೇಸ್, ವೆಬ್ ಸರ್ವರ್‌ಗಳನ್ನು ಟೆಂಪ್ಲೇಟಿನಲ್ಲಿಯೇ ತುಂಬಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಆದರೆ ಹಾಗೆ ಮಾಡಿದರೆ ಅವು ಬೇಡವಾದ ಸರ್ವರ್‌ನಲ್ಲಿಯೂ ಅವುಗಳ ಅಪ್‌ಡೇಟ್ ಹೊರೆ ನಿಮ್ಮ ತಲೆಗೇ ಬರುತ್ತದೆ. ಸಮಯವಲಯವನ್ನು ಏಷ್ಯಾ/ಕೋಲ್ಕತಾ ಎಂದು ಹೊಂದಿಸಿ, ಎಲ್ಲ ಅಪ್‌ಡೇಟ್ ಹಾಕಿ, ಒಮ್ಮೆ ರೀಬೂಟ್ ಮಾಡಿ ಹಳೆಯ ಕರ್ನಲ್ ತೆಗೆದುಹಾಕಿ. ಪಾಸ್‌ವರ್ಡ್ ಮೂಲಕ ಎಸ್‌ಎಸ್‌ಎಚ್ ಲಾಗಿನ್ ನಿಲ್ಲಿಸಿ. ಬಳಕೆದಾರರ ಕೀಲಿಗಳನ್ನು ಕ್ಲೌಡ್-ಇನಿಟ್ ಪ್ರತಿ ನಕಲಿಗೂ ಬೇರೆಯಾಗಿ ಕೊಡುತ್ತದೆ.

ಟೆಂಪ್ಲೇಟ್ ಕೆಲಸಕ್ಕೆ ಬರುವುದೂ ಕೈಕೊಡುವುದೂ ನಿರ್ಧಾರವಾಗುವುದು ಅದನ್ನು ಮುಚ್ಚುವ ಮುನ್ನ ಏನೇನನ್ನು ಅಳಿಸಿದಿರಿ ಎಂಬುದರ ಮೇಲೆ. ಕಾಫಿ ಕೊಯ್ಲಿನ ಸಮಯದಲ್ಲಿ ಗೋಣಿಕೊಪ್ಪದ ಕಡೆಯ ಒಂದು ಕಚೇರಿಗೆ ಉಬುಂಟು ಟೆಂಪ್ಲೇಟಿನಿಂದ ಎರಡು ಸರ್ವರ್ ಎಬ್ಬಿಸಿಕೊಟ್ಟಿದ್ದೆ, ಒಂದು ತೂಕದ ಲೆಕ್ಕಕ್ಕೆ, ಇನ್ನೊಂದು ಬ್ಯಾಕಪ್‌ಗೆ. ತೂಕದ ಸರ್ವರ್ ಆಗಾಗ ಕೈಗೆ ಸಿಗದಂತಾಗುತ್ತಿತ್ತು. ಸ್ವಿಚ್ ಬದಲಿಸಿದೆ, ಕೇಬಲ್ ಬದಲಿಸಿದೆ. ಕಾರಣ ಮಾತ್ರ ಮಷೀನ್-ಐಡಿ ಆಗಿತ್ತು. 32 ಅಕ್ಷರಗಳ ಈ ಗುರುತು ಎರಡರಲ್ಲಿಯೂ ಒಂದೇ ಇತ್ತು, ಉಬುಂಟು ಸರ್ವರ್ ಡಿಎಚ್‌ಸಿಪಿ ಮೂಲಕ ರೂಟರ್‌ನಿಂದ ಐಪಿ ವಿಳಾಸ ಕೇಳುವಾಗ ಈ ಗುರುತಿನಿಂದಲೇ ತನ್ನ ಪರಿಚಯ ಹೇಳಿಕೊಳ್ಳುತ್ತಿತ್ತು, ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಬೇರೆಯಾಗಿದ್ದರೂ ರೂಟರ್ ಎರಡಕ್ಕೂ ಒಂದೇ ಐಪಿ ಕೊಡುತ್ತಿತ್ತು.

ಹಾಗಾಗಿ ಇಟಿಸಿ (/etc) ಫೋಲ್ಡರಿನಲ್ಲಿರುವ ಮಷೀನ್-ಐಡಿ ಫೈಲನ್ನು ಖಾಲಿ ಮಾಡಿ. ಫೈಲನ್ನೇ ಅಳಿಸಬಾರದು; ಅದು ಸೊನ್ನೆ ಗಾತ್ರದಲ್ಲಿ ಉಳಿದಿದ್ದರೆ ಮುಂದಿನ ಬೂಟ್‌ನಲ್ಲಿ ಸಿಸ್ಟಮ್‌ಡಿ (ಲಿನಕ್ಸಿನ ಸೇವೆಗಳನ್ನು ಶುರುಮಾಡುವ ಮೂಲ ಪ್ರೋಗ್ರಾಂ) ಹೊಸ ಗುರುತು ಬರೆಯುತ್ತದೆ. ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ವ್ಯವಸ್ಥೆ) ಫೋಲ್ಡರಿನಲ್ಲಿಯೂ ಅದೇ ಹೆಸರಿನ ಫೈಲ್ ಇರುತ್ತದೆ, ಅದು ಮೊದಲಿನದಕ್ಕೆ ಕೊಂಡಿಯಾಗಿಯೇ ಇದೆಯೆಂದು ಖಚಿತಪಡಿಸಿಕೊಳ್ಳಿ, ಸ್ವತಂತ್ರ ಪ್ರತಿಯಾಗಿದ್ದರೆ ಹಳೆಯ ಗುರುತು ಅಲ್ಲಿಂದ ಮರಳಿ ಬರಬಹುದು. ಮುಂದಿನದು ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳು, ಅಂದರೆ ಸರ್ವರ್ ತಾನೇ ಎಂದು ಸಾಬೀತುಪಡಿಸುವ ಕೀಲಿಗಳು. ಎಲ್ಲ ನಕಲುಗಳಲ್ಲಿಯೂ ಒಂದೇ ಕೀಲಿ ಇದ್ದರೆ, ಒಂದು ಸರ್ವರ್ ಕಳ್ಳರ ಕೈಸೇರಿದ ದಿನ ಉಳಿದವುಗಳ ವೇಷವನ್ನೂ ಅವರು ಹಾಕಬಲ್ಲರು. ಅವನ್ನು ಅಳಿಸಿದರೆ ಕ್ಲೌಡ್-ಇನಿಟ್ ಮೊದಲ ಬೂಟ್‌ನಲ್ಲಿ ಹೊಸವನ್ನು ಹುಟ್ಟಿಸುತ್ತದೆ. ಆದರೆ ನೀವು ಕ್ಲೌಡ್-ಇನಿಟ್ ಬಳಸದವರಾದರೆ, ಎಸ್‌ಎಸ್‌ಎಚ್ ಶುರುವಾಗುವ ಮುನ್ನ ಕೀಲಿ ರಚಿಸುವ ಒಂದು ಚಿಕ್ಕ ಸಿಸ್ಟಮ್‌ಡಿ ಸೇವೆಯನ್ನು ಬರೆದಿಡದೆ ಅಳಿಸಬೇಡಿ, ಇಲ್ಲವಾದರೆ ಎಸ್‌ಎಸ್‌ಎಚ್ ಏಳುವುದೇ ಇಲ್ಲ, ಕನ್ಸೋಲ್ ಮೂಲಕವೇ ಒಳಹೋಗಬೇಕಾಗುತ್ತದೆ.

ಉಳಿದ ಶುಚಿ ಕೆಲಸ ಬೇಗ ಮುಗಿಯುತ್ತದೆ: ಹಳೆಯ ಐಪಿ ನೆನಪಿಟ್ಟಿರುವ ಡಿಎಚ್‌ಸಿಪಿ ಲೀಸ್ ಫೈಲುಗಳು, ಸಿಸ್ಟಮ್‌ಡಿಯ ರ‍್ಯಾಂಡಮ್-ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಬೀಜ), ಲಾಗ್‌ಗಳು, ಆಪ್ಟ್ ಕ್ಯಾಶ್ (ಇಳಿಸಿಕೊಂಡ ಪ್ಯಾಕೇಜುಗಳ ಪ್ರತಿ), ನಿಮ್ಮ ಸ್ವಂತ ಕೀಲಿ ಮತ್ತು ಶೆಲ್ ಹಿಸ್ಟರಿ, ಎಲ್ಲಕ್ಕಿಂತ ಕೊನೆಗೆ ಕ್ಲೌಡ್-ಇನಿಟ್‌ನ ಕ್ಲೀನ್ ಆಜ್ಞೆ. ಎಫ್‌ಎಸ್‌ಟ್ರಿಮ್ ಆಜ್ಞೆ ಓಡಿಸಿದರೆ ಅಳಿಸಿದ ಜಾಗ ಸ್ಟೋರೇಜಿಗೆ ಮರಳುತ್ತದೆ. ಆಮೇಲೆ ಶಟ್‌ಡೌನ್ ಮಾಡಿ ನೇರವಾಗಿ ಟೆಂಪ್ಲೇಟಾಗಿ ಪರಿವರ್ತಿಸಿ. "ಒಮ್ಮೆ ನೋಡಿಬಿಡೋಣ" ಎಂದು ನಡುವೆ ಬೂಟ್ ಮಾಡಿದರೆ ಗುರುತುಗಳೆಲ್ಲ ಮತ್ತೆ ತುಂಬಿಕೊಳ್ಳುತ್ತವೆ, ಶುಚಿಯನ್ನು ಮೊದಲಿನಿಂದ ಮಾಡಬೇಕು. ಹೆಸರಿನಲ್ಲಿ ವರ್ಷ, ತಿಂಗಳು ಇರಲಿ.

ನಕಲು ತೆಗೆಯುವಾಗ ಎರಡು ದಾರಿಗಳಿವೆ. ಲಿಂಕ್ಡ್ ನಕಲು ಕ್ಷಣದಲ್ಲಿ ಸಿದ್ಧವಾಗುತ್ತದೆ, ಜಾಗವನ್ನೂ ಉಳಿಸುತ್ತದೆ, ಆದರೆ ಟೆಂಪ್ಲೇಟಿನ ಡಿಸ್ಕನ್ನೇ ಅವಲಂಬಿಸಿರುವುದರಿಂದ ಮೂಲ ಹಾಳಾದರೆ ಅದರ ಮೇಲೆ ನಿಂತಿರುವುದೆಲ್ಲ ಬೀಳುತ್ತದೆ. ಪರೀಕ್ಷೆಗೆ ಅದು ಸಾಕು. ಜನ ದಿನವೂ ಬಳಸುವ ಸರ್ವರಿಗೆ ಪೂರ್ಣ ನಕಲನ್ನೇ ತೆಗೆಯಿರಿ.

ಪರೀಕ್ಷಿಸಲು ಒಂದೇ ನಕಲು ಎಬ್ಬಿಸಿದರೆ ಏನೂ ತಿಳಿಯುವುದಿಲ್ಲ. ಎರಡನ್ನು ಒಟ್ಟಿಗೆ ಎಬ್ಬಿಸಿ, ಎರಡರ ಮಷೀನ್-ಐಡಿ, ಹೋಸ್ಟ್ ಕೀಲಿಯ ಬೆರಳಚ್ಚು, ಐಪಿ, ಹೋಸ್ಟ್‌ನೇಮ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದರ ಡಿಸ್ಕನ್ನು ಹಿಗ್ಗಿಸಿ, ರೂಟ್ ಅಷ್ಟೇ ಬೆಳೆಯಿತೇ ಎಂದೂ ನೋಡಿ. ಬಳಿಕ ಇಂಟರ್‌ನೆಟ್ ಕಿತ್ತು ಮೂರನೆಯದೊಂದನ್ನು ಎಬ್ಬಿಸಿ. ಆಷಾಢದಲ್ಲಿ ನಿಮಗೆ ಸಿಗುವ ಪರಿಸ್ಥಿತಿ ಅದೇ.

ಟೆಂಪ್ಲೇಟ್ ಹಳತಾಗುತ್ತದೆ. ಅದನ್ನು ನೇರವಾಗಿ ಬೂಟ್ ಮಾಡಿ ಅಪ್‌ಡೇಟ್ ಮಾಡಲಾಗದು. ಪೂರ್ಣ ನಕಲು ತೆಗೆದು, ಅಪ್‌ಡೇಟ್ ಹಾಕಿ, ಮೇಲಿನ ಶುಚಿಯನ್ನು ಪುನಃ ಮಾಡಿ, ಹೊಸ ಹೆಸರಿನ ಟೆಂಪ್ಲೇಟಾಗಿಸಬೇಕು. ಅದಕ್ಕಾಗಿ ಶುಚಿಯ ಆಜ್ಞೆಗಳನ್ನೆಲ್ಲ ಒಂದು ಸ್ಕ್ರಿಪ್ಟಿನಲ್ಲಿ ಬರೆದಿಡಿ. ನಾನು ಇದನ್ನು ಮೂರು ತಿಂಗಳಿಗೊಮ್ಮೆ ಮಾಡುತ್ತೇನೆ, ಮೇ ಕೊನೆಯ ವಾರದಲ್ಲಿ ತಪ್ಪದೆ ಮಾಡುತ್ತೇನೆ, ಮತ್ತು ಹೊಸ ಟೆಂಪ್ಲೇಟಿನ ಬ್ಯಾಕಪ್ ಒಂದನ್ನು ಹೊರಗಿನ ಡಿಸ್ಕಿಗೆ ತೆಗೆದು ಮಡಿಕೇರಿಯಿಂದ ಕುಶಾಲನಗರಕ್ಕೆ ಕಳಿಸಿಬಿಡುತ್ತೇನೆ.